ತಪ್ಪು ಕಂಡುಬಂದಿಲ್ಲ

ಹದಿನಾಲ್ಕನೇ ಮೇಜು ಸಭಾಂಗಣದ ಬಾಗಿಲಿನಿಂದ ಎಡಕ್ಕೆ ಮೂರನೆಯದು. ಐದು ವರ್ಷಗಳಿಂದ ಅದು ಕನ್ನಡಕದಕ್ಕನ ಮೇಜು. ವರ್ಷಕ್ಕೆ ಆರು ಸಲ ನಡೆಯುವ ಕರಕುಶಲ ಮೇಳಕ್ಕೆ ಅವಳು ತರುತ್ತಿದ್ದದ್ದು ಇಷ್ಟೇ: ಗಾಜಿನ ಮಣಿಯ ಸರ, ಬಳೆ, ಓಲೆಗಳು, ಹಾಸಲು ಒಂದು ಕಪ್ಪು ಬಟ್ಟೆ, ಒಂದು ಹಳೆಯ ಬಿಸ್ಕತ್ತಿನ ಡಬ್ಬಿ, ‘ಕೈಯಲ್ಲೇ ಮಾಡಿದ್ದು’ ಎಂದು ಬರೆದ ಮೇಳದ ಬೋರ್ಡು, ಮತ್ತು ನಾದಿನಿ.

ಇಪ್ಪತ್ತೆರಡು ವರ್ಷ ಕನ್ನಡಕದ ಅಂಗಡಿಯ ಹಿಂಗೋಣೆಯಲ್ಲಿ ಕೂತು ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸಿದವಳು. ಹೆಸರು ಬಂದದ್ದು ಅದರಿಂದಲ್ಲ. ಅವಳ ಕನ್ನಡಕ ಕಣ್ಣಿಗಿಂತ ಹೆಚ್ಚು ಹೊತ್ತು ಇರುತ್ತಿದ್ದದ್ದು ನೆತ್ತಿಯ ಮೇಲೆ. ಹತ್ತಿರದ್ದು ಅವಳಿಗೆ ಬರಿಗಣ್ಣಿಗೇ ಸೂಜಿಮೊನೆಯಷ್ಟು ಚೊಕ್ಕ, ದೂರದ್ದು ಎಲ್ಲ ಮಸುಕು. ಹಾಗಾಗಿ ಯಾರು ಬರುತ್ತಿದ್ದಾರೆ ಎಂದು ಹೇಳುವುದು ನಾದಿನಿಯ ಕೆಲಸ.

ನಾದಿನಿಗೆ ಇನ್ನೊಂದು ಕೆಲಸವೂ ಇತ್ತು. ಮನೆಯ ಕಟ್ಟಳೆಯ ಪ್ರಕಾರ ತಪ್ಪಾದ ಸರ ಮಾರುವಂತಿಲ್ಲ. ಬಿಚ್ಚಲು ಮನಸ್ಸು ಬರದಿದ್ದರೆ ಅದು ನಾದಿನಿಯ ಕೊರಳಿಗೆ. ಆ ಭಾನುವಾರ ಅವಳ ಶಾಲಿನ ಅಡಿಯಲ್ಲಿ ನಾಲ್ಕು ತಪ್ಪುಗಳಿದ್ದವು. ಒಂದರಲ್ಲಿ ನೀಲಿಯ ಜಾಗಕ್ಕೆ ಹಸಿರು ನುಗ್ಗಿತ್ತು. ಇನ್ನೊಂದರ ಮಧ್ಯದ ಸಾಲಿಗೆ ಒಂದು ಮಣಿ ಜಾಸ್ತಿಯಾಗಿ, ಇಡೀ ಪದಕ ಯಾರ ಮೇಲೋ ಮುನಿಸಿಕೊಂಡಂತೆ ಬಲಕ್ಕೆ ಕತ್ತು ತಿರುಗಿಸಿತ್ತು.

“ಅತ್ತಿಗೆ, ಕಾರ್ಯದರ್ಶಿ ಬರ್ತಿದ್ದಾರೆ. ಕೈಯಲ್ಲಿ ಕಾಗದ ಇದೆ. ಮುಖ ನೋಡಿದ್ರೆ ಹಲ್ಲುನೋವು ಇರೋ ಹಾಗಿದೆ.”

ಮೇಳದ ಕಾರ್ಯದರ್ಶಿ ಕೆಟ್ಟವರಲ್ಲ. ನಿಯಮದ ಪ್ರಕಾರ ನಡೆದರೆ ಯಾರಿಗೂ ನೋವಾಗುವುದಿಲ್ಲ ಎಂದು ನಂಬಿದ್ದವರು.

“ಮೇಡಂ, ಒಂದು ದೂರು ಬಂದಿದೆ. ನಿಮ್ಮ ಮಾಲು ಕಾರ್ಖಾನೇದು, ತಂದು ಮಾರ್ತೀರಿ ಅಂತ.”

“ಯಾರಂದ್ರು?”

“ಅದು ಹೇಳೋ ಹಾಗಿಲ್ಲ. ನೋಡ್ಬಹುದಾ?”

“ನೋಡಿ ಸಾರ್. ನೋಡೋಕೇ ಅಲ್ವಾ ಹರಡಿರೋದು?”

ಅವರು ಜೇಬಿನಿಂದ ಭೂತಗನ್ನಡಿ ತೆಗೆದರು. ನಲವತ್ತು ನಿಮಿಷ ನಿಂತೇ ಹನ್ನೊಂದು ಸರ ನೋಡಿದರು. ಪಕ್ಕದ ಮೇಜಿನ ಮೇಣದಬತ್ತಿಯವನು ವ್ಯಾಪಾರ ಮರೆತು ಇತ್ತಲೇ ಕಿವಿ ಕೊಟ್ಟಿದ್ದ. ಕೊನೆಗೆ ಕಾರ್ಯದರ್ಶಿ ಭೂತಗನ್ನಡಿ ಮಡಚಿ, ಬೆವರು ಒರೆಸಿಕೊಂಡರು.

“ಒಂದೂ ತಪ್ಪಿಲ್ಲ.”

“ಸಂತೋಷ.”

“ಅದೇ ತೊಂದರೆ ಮೇಡಂ. ಈ ವರ್ಷದಿಂದ ಹೊಸ ನಮೂನೆ ಬಂದಿದೆ. ಏಳನೇ ಕಲಂ ನೋಡಿ, ‘ಕೈಕೆಲಸದ ಸಹಜ ವ್ಯತ್ಯಾಸ ಕಾಣುತ್ತದೆಯೇ?’ ನಾನು ಹೌದು ಅಂತ ಬರೀಬೇಕು. ಏನು ನೋಡಿ ಬರೀಲಿ? ಮನುಷ್ಯರ ಕೈ ಅಂದ್ಮೇಲೆ ಎಲ್ಲಾದ್ರೂ ಒಂಚೂರು ಹೆಚ್ಚುಕಮ್ಮಿ ಇರಬೇಕಲ್ವಾ?”

ಕನ್ನಡಕದಕ್ಕ ಬಿಸ್ಕತ್ತಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ಅದರ ತುಂಬ ಮಣಿ. ಎಲ್ಲ ಬಣ್ಣದವೂ ಬೆರೆತು ಉಸುಕಿನಂತೆ ಕಾಣುತ್ತಿದ್ದವು.

“ಇದೇನು?”

“ಹೆಚ್ಚುಕಮ್ಮಿ,” ಅಂದಳು. “ಎಲ್ಲಾ ಇದರಲ್ಲಿದೆ. ಇದು ದಪ್ಪ, ಇದು ತೆಳು, ಇದರ ತೂತು ಓರೆ. ಹತ್ತು ಮಣಿ ಕೊಂಡ್ರೆ ಮೂರು ಇದಕ್ಕೆ ಹೋಗತ್ತೆ. ಪೋಣಿಸೋಕೆ ಒಂದು ದಿನ ಆದ್ರೆ ಆರಿಸೋಕೆ ಎರಡು ದಿನ. ಯಂತ್ರ ಆರಿಸ್ತಾ ಕೂರಲ್ಲ ಸಾರ್. ಯಂತ್ರಕ್ಕೆ ಬೇಜಾರಾಗಲ್ಲ, ನಾಚಿಕೇನೂ ಆಗಲ್ಲ.”

ಕಾರ್ಯದರ್ಶಿ ಡಬ್ಬಿಗೆ ಬೆರಳು ಹಾಕಿ, ಒಂದು ಓರೆ ತೂತಿನ ಮಣಿಯನ್ನು ಬೆಳಕಿಗೆ ಹಿಡಿದು ನೋಡಿದರು. ಅವರ ಮುಖ ಸಡಿಲವಾಯಿತು.

“ನಾನು ನಂಬ್ತೀನಿ ಮೇಡಂ. ಆದ್ರೆ ಕಲಮ್ಮಿಗೆ ಡಬ್ಬಿ ಕಾಣಲ್ಲ, ಸರ ಮಾತ್ರ ಕಾಣತ್ತೆ. ಒಂದು ಕೆಲಸ ಮಾಡಿ.” ಅವರು ದನಿ ತಗ್ಗಿಸಿದರು. “ಯಾವುದಾದ್ರೂ ಒಂದರಲ್ಲಿ ಒಂದು ಮಣಿ ಆಚೀಚೆ ಮಾಡಿ. ಒಂದೇ ಒಂದು. ನಾನು ಟೀ ಕುಡಿದು ಬರ್ತೀನಿ. ಬಂದು ಹೌದು ಅಂತ ಬರೀತೀನಿ.”

ನಾದಿನಿಯ ಕೈ ಆಗಲೇ ಶಾಲಿನ ಅಂಚಿಗೆ ಹೋಗಿತ್ತು. ನಾಲ್ಕು ತಪ್ಪು ಸಿದ್ಧವಾಗಿ ಕೊರಳಲ್ಲೇ ಇವೆ, ಶಾಲು ಸರಿಸಿದರೆ ಮುಗಿಯಿತು. ಕನ್ನಡಕದಕ್ಕ ತಿರುಗಿ ನೋಡಿದಳು. ಶಾಲು ಇದ್ದಲ್ಲೇ ನಿಂತಿತು.

“ಮಾಡದಿದ್ರೆ?”

“ಈ ಬೋರ್ಡು ತೆಗೀಬೇಕಾಗತ್ತೆ. ಹಿಂದುಗಡೆ ಮರುಮಾರಾಟದ ಸಾಲಿಗೆ ಹೋಗ್ಬೇಕು. ವರ್ಷ ಪೂರ್ತಿ.”

“ಅತ್ತಿಗೆ, ಒಂದೇ ಒಂದು ಮಣಿ,” ಎಂದು ನಾದಿನಿ ಪಿಸುಗುಟ್ಟಿದಳು. “ಯಾರಿಗೆ ಗೊತ್ತಾಗತ್ತೆ?”

“ನನಗೆ ಗೊತ್ತಾಗತ್ತೆ ಕಣೇ. ಈಗ ಒಂದು ತಪ್ಪು ತೋರಿಸಿ ಇದು ನನ್ನ ಕೈದು ಅಂದ್ರೆ, ಸರಿಯಾಗಿರೋದೆಲ್ಲ ಯಾರ ಕೈದು ಅಂತಾಯ್ತು?” ಅವಳು ಕಾರ್ಯದರ್ಶಿಯತ್ತ ತಿರುಗಿದಳು. “ಆಗಲ್ಲ ಸಾರ್. ಹಿಂದಕ್ಕೆ ಹೋಗ್ತೀನಿ. ಆದ್ರೆ ಬಾಯಲ್ಲಿ ಹೇಳಿ ಕಳಿಸ್ಬೇಡಿ, ಬರೆದು ಕೊಡಿ. ಏನು ನೋಡಿದ್ರಿ, ಏನು ಸಿಕ್ತು, ಅಷ್ಟೇ ಬರೀರಿ. ಸಹಿ, ಮೊಹರು ಎಲ್ಲಾ ಇರಲಿ.”

ಕಾರ್ಯದರ್ಶಿ ನಿಂತಲ್ಲೇ ಬರೆದರು. ಬರೆದರೆ ಅವರ ಮನಸ್ಸು ಹಗುರವಾಗುತ್ತಿತ್ತು. ಹರಿದು ಕೊಟ್ಟ ಹಾಳೆಯನ್ನು ಕನ್ನಡಕದಕ್ಕ ಮೂಗಿನ ಹತ್ತಿರ ಹಿಡಿದು ಎರಡು ಸಲ ಓದಿದಳು. ಎರಡನೇ ಸಲ ಓದುವಾಗ ತುಟಿ ಒಂದಿಷ್ಟು ಕೊಂಕಿತು. ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಕಾರ್ಯದರ್ಶಿ ಹೊರಟುಹೋದರು.

ಮರುಮಾರಾಟದ ಸಾಲು ಇದ್ದದ್ದು ಸಭಾಂಗಣದ ತೀರಾ ಹಿಂದೆ, ಕುಡಿಯುವ ನೀರಿನ ನಲ್ಲಿಗೂ ಒಂದರ ಮೇಲೊಂದು ಪೇರಿಸಿಟ್ಟ ಕುರ್ಚಿಗಳಿಗೂ ನಡುವೆ. ಬಾಯಾರಿದವರು ಬಿಟ್ಟರೆ ಅತ್ತ ಸುಳಿಯುವವರಿಲ್ಲ. ನಾದಿನಿ ಬಟ್ಟೆ ಹಾಸುತ್ತ ಮುಖ ಕಿವುಚಿದಳು. “ಇಲ್ಲಿ ಇರುವೆಗೆ ಮಾರಬೇಕು ಅಷ್ಟೆ.”

ಕನ್ನಡಕದಕ್ಕ ಗೋಡೆಯ ಮೊಳೆಗೆ ಆ ಹಾಳೆ ಸಿಕ್ಕಿಸಿದಳು. ಕಾರ್ಯದರ್ಶಿಯ ಅಕ್ಷರ ದುಂಡಗಿತ್ತು.

‘ಈ ಮಹಿಳೆಯ ಹನ್ನೊಂದು ಸರಗಳನ್ನು ಭೂತಗನ್ನಡಿಯಿಂದ ನಲವತ್ತು ನಿಮಿಷ ಪರಿಶೀಲಿಸಲಾಯಿತು. ಒಂದೂ ತಪ್ಪು ಕಂಡುಬಂದಿಲ್ಲ. ಆದ್ದರಿಂದ ಇವುಗಳನ್ನು ಕೈಕೆಲಸವೆಂದು ಒಪ್ಪಲಾಗದು.’

ಕೆಳಗೆ ಸಹಿ. ಮೊಹರು.

ಮೊದಲು ನೀರು ಕುಡಿಯಲು ಬಂದವನು ಒಬ್ಬ ದರ್ಜಿ. ಲೋಟ ಬಾಯಿಗೆ ಇಟ್ಟವನು ಹಾಳೆ ಓದಿ, ನೀರು ನೆತ್ತಿಗೇರಿ ಕೆಮ್ಮಿದ. “ಅಲ್ಲಮ್ಮ, ಇದು ಬೈಗುಳಾನೋ ಹೊಗಳಿಕೇನೋ?”

“ನೀವೇ ನೋಡಿ ಹೇಳಿ.”

ಅವನು ಒಂದು ಸರ ಎತ್ತಿಕೊಂಡ. ತಿರುಗಿಸಿದ. ಮುಗುಳ್ನಗುತ್ತ ಶುರು ಮಾಡಿದವನ ಹುಬ್ಬು ಗಂಟಿಕ್ಕಿತು. “ಮೂವತ್ತು ವರ್ಷದಿಂದ ಹೊಲಿಗೆ ನೋಡ್ತಿದ್ದೀನಿ,” ಎಂದು ಗೊಣಗಿ ಹೋಗಿ, ತಂಗಿಯನ್ನೂ ಅವಳ ಗಂಡನನ್ನೂ ಕರೆತಂದ. ಅಷ್ಟರಲ್ಲಿ ಮೇಣದಬತ್ತಿಯವನು ಸಭಾಂಗಣದ ಆ ತುದಿಯವರೆಗೆ ಸುದ್ದಿ ಮುಟ್ಟಿಸಿದ್ದ. ಅರ್ಧ ಗಂಟೆಯಲ್ಲಿ ನಲ್ಲಿಯ ಮುಂದೆ ಜನ ಜಮಾಯಿಸಿದರು. ಕೆಲವರು ಫೋನಿನಲ್ಲಿ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿದರು. ಗಣಿತದ ಮೇಷ್ಟರೊಬ್ಬರು ಪೆನ್ನಿನ ತುದಿಯಿಂದ ಸಾಲುಸಾಲಾಗಿ ಎಣಿಸಿ, ಎರಡು ಸಲ ಲೆಕ್ಕ ತಪ್ಪಿ, ಕಡೆಗೆ ಅದನ್ನೇ ಹೆಂಡತಿಗೆಂದು ಕೊಂಡರು.

“ಮನೇಲಿ ಕೂತು ಹುಡುಕ್ತೀನಿ,” ಅಂದರು. “ಸಿಕ್ಕಿದ್ರೆ ತಂದು ಕೊಡ್ತೀನಿ.”

“ಸಿಕ್ಕಿದ್ರೆ ನನ್ನ ಕೊರಳಿಗೆ ಕೊಡಿ ಸಾರ್,” ಎಂದು ನಾದಿನಿ ಶಾಲು ಸರಿಸಿ ತೋರಿಸಿದಳು. “ತಪ್ಪಿಗೆಲ್ಲ ಇಲ್ಲೇ ವಾಸ.”

ಜನ ಗೊಳ್ಳೆಂದು ನಕ್ಕರು. ಕತ್ತು ತಿರುಗಿಸಿದ ಪದಕವೇ ಬೇಕೆಂದು ಒಬ್ಬ ಹುಡುಗಿ ಹಟ ಹಿಡಿದಳು. ಕನ್ನಡಕದಕ್ಕ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಾರ್ಯದರ್ಶಿ ಗುಂಪನ್ನು ಸರಿಸಿಕೊಂಡು ಬಂದರು. ಕಿವಿ ಕೆಂಪಾಗಿತ್ತು.

“ಮೇಡಂ, ಆ ಹಾಳೆ ತೆಗೀರಿ. ಎಲ್ಲರೂ ನನ್ನ ನೋಡಿ ನಗ್ತಿದ್ದಾರೆ.”

“ಯಾಕೆ ಸಾರ್? ಅದರಲ್ಲಿ ಏನಾದ್ರೂ ತಪ್ಪಿದೆಯಾ?”

ಅವರು ಹಾಳೆಯನ್ನು ಓದಿದರು. ಮೊದಲ ವಾಕ್ಯ ನಿಜ. ಎರಡನೆಯದೂ ನಿಜ. ಮೂರನೆಯದರ ಹತ್ತಿರ ಅವರ ಕಣ್ಣು ನಿಂತಿತು.

“ತಪ್ಪಿದ್ರೆ ತಿದ್ದಿ ಕೊಡಿ,” ಅಂದಳು ಕನ್ನಡಕದಕ್ಕ. “ನಾನು ತಪ್ಪಿರೋದನ್ನ ಜನರ ಮುಂದೆ ಇಡಲ್ಲ. ಆದ್ರೆ ತಪ್ಪು ಯಾವುದು ಅಂತ ನೀವೇ ಬರೀಬೇಕು.”

ಕಾರ್ಯದರ್ಶಿ ಬಂದ ದಾರಿಯಲ್ಲೇ ಹಿಂತಿರುಗಿದರು. ನಾದಿನಿಯ ಮುಖ ಸಣ್ಣಗಾಯಿತು. “ಹೋಯ್ತು. ಇನ್ನು ಈ ಸಾಲಿಂದಾನೂ ಎಬ್ಬಿಸ್ತಾರೆ.”

“ಎಬ್ಬಿಸ್ಲಿ. ಬರೆದು ಕೊಡಿ ಅಂತೀನಿ. ಇನ್ನೊಂದು ಮೊಳೆ ಇದೆ.”

ಅವಳು ಸೂಜಿಗೆ ದಾರ ಏರಿಸಿ ಕೂತಳು. ಅಂಗೈಯಲ್ಲಿ ಹತ್ತು ಮಣಿ ಸುರಿದುಕೊಂಡಳು. ಏಳು ದಾರಕ್ಕೆ, ಮೂರು ಡಬ್ಬಿಗೆ. ಇನ್ನು ಹತ್ತು. ಈ ಸಲ ಡಬ್ಬಿಗೆ ನಾಲ್ಕು ಬಿದ್ದವು.

“ಅತ್ತಿಗೆ,” ಎಂದಳು ನಾದಿನಿ. ದನಿ ಬೇರೆಯಾಗಿತ್ತು. “ಮತ್ತೆ ಬರ್ತಿದ್ದಾರೆ.”

“ಕೈಯಲ್ಲಿ ಏನಿದೆ? ಕಾಗದಾನಾ?”

“ಕಾಗದಾನೂ ಇದೆ, ಬೆಳಿಗ್ಗಿನ ನಮೂನೇನೇ. ಏನೋ ಕಾಟು ಹೊಡೆದಿದ್ದಾರೆ. ಇನ್ನೊಂದು ಕೈಯಲ್ಲಿ…” ನಾದಿನಿ ತುದಿಗಾಲಲ್ಲಿ ನಿಂತಳು. “ಬೋರ್ಡು! ನಮ್ಮ ಬೋರ್ಡು ಅತ್ತಿಗೆ! ಗೋಡೆ ಮೇಲಿನ ಹಾಳೆ ತೆಗೆದುಬಿಡ್ಲಾ?”

“ಬೇಡ. ಅವರು ತಿದ್ದಿರೋದನ್ನ ಓದ್ತೀನಿ, ಆಮೇಲೆ ನೋಡೋಣ.”

ಕನ್ನಡಕದಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ನೆತ್ತಿಯ ಮೇಲಿನ ಕನ್ನಡಕವನ್ನು ಕಣ್ಣಿಗೆ ಇಳಿಸಿದಳು. ಇದನ್ನು ಅವಳಿಗೆ ದೂರದಿಂದಲೇ ನೋಡಬೇಕೆನಿಸಿತು.