ಹೂಂ ಅನ್ನುವವರು ಬೇಕು

ದನಿ ಅಳೆಯುವ ಸೂಜಿ ಮಲಗಿಯೇ ಇದೆ, ಕೆಂಪು ದೀಪ ಹತ್ತಿದೆ, ಎಂದರೆ ದೇಶವೆಲ್ಲ ಕಿವಿಗೊಟ್ಟಿದೆ, ಗಾಜಿನಾಚೆ ಬೆಟ್ಟದಜ್ಜಿ ಮೈಕಿನ ಮುಂದೆ ನೆಟ್ಟಗೆ ಕೂತಿದ್ದಾರೆ, ಬಾಯಿ ಮಾತ್ರ ಬಿಡುತ್ತಿಲ್ಲ — ತಂತ್ರಜ್ಞ ಅವನು, ಧ್ವನಿ ಏರಿಸಿ ಇಳಿಸುವ ಗುಬುಟನ್ನು ಇನ್ನಷ್ಟು ತಿರುಗಿಸಿದ, ಬೆಟ್ಟದವರ ಮಾತಿನಲ್ಲಿ ರೇಡಿಯೊದ ಮೊಟ್ಟಮೊದಲ ವಾರ್ತೆ, ಇದು ಕೆಟ್ಟರೆ ನಾಳೆಯಿಂದ ಮತ್ತೆ ಸಿನಿಮಾ ಹಾಡೇ ಗತಿ ನೋಡಪ್ಪ ಎಂದು ನಿಲಯದ ಸಾಹೇಬರು ಹೇಳಿಬಿಟ್ಟಿದ್ದಾರೆ, ಈಗ ಅವನ ಬೆನ್ನಿಗೇ ನಿಂತು ಉಸಿರು ಬಿಡುತ್ತಿದ್ದಾರೆ. ಹೆದರಿಕೆಯೇ, ಆ ಮುಖಕ್ಕೆ? ಶಾಲೇಲಿ ನಮ್ಮ ಮಾತಾಡಿದೆ ಅಂತ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದ್ರು ಕಣೋ, ಅಲ್ಲಿಂದ ನಮ್ಮ ಬೆಟ್ಟ ಇನ್ನೂ ಚೆನ್ನಾಗಿ ಕಾಣ್ತಿತ್ತು ಎಂದು ನಕ್ಕವರು ಈ ಅಜ್ಜಿ, ಅವನು ಏರಿಸಿ ಇಳಿಸಿ ಕಳಿಸಿದ ಅಷ್ಟೂ ವಾರ್ತೆಗಳಲ್ಲಿ ಬೆಟ್ಟದವರೆಂದರೆ ಅವರ ಕಾಡು, ಅವರ ಸಮಸ್ಯೆ, ನಮ್ಮ ಎಂಬುದು ಬಂದದ್ದೇ ಇಲ್ಲ, ಅಜ್ಜಿ ನಿನ್ನೆ ತಾಲೀಮಿಗೆ ಕೂತು ಮೊದಲ ಸಾಲನ್ನೇ ಬದಲಿಸಿದರು, ನಾವೆಲ್ಲರೂ ಇರುವ ಈ ದೇಶದ ಸುದ್ದಿ ಅಂತ ಹಾಕು, ನೀವು ಬಯಲಿನೋರೂ ಇದೀರಲ್ಲ, ನಿಮ್ಮನ್ನ ಬಿಟ್ಟು ದೇಶ ಮಾಡೋಕಾಗುತ್ತಾ — ಎಂಥ ಮನಸ್ಸು, ಹೊರಗಿಟ್ಟವರನ್ನೇ ಒಳಗೆ ಕರೆಯುವ ಮನಸ್ಸು! ಆಮೇಲೆ ನೀರು ಹರಿದ ಹಾಗೆ ಓದಿದರಲ್ಲ, ಪಕ್ಕದಲ್ಲಿ ಮೊಮ್ಮಗಳಿದ್ದಳು, ಸಾಲು ಸಾಲಿಗೂ ಹೂಂ, ಹೂಂ ಅನ್ನುತ್ತಿದ್ದಳು, ನಮ್ಮಲ್ಲಿ ಕೇಳೋರು ಹೂಂ ಅನ್ನದೆ ಹೇಳೋರು ಬಾಯಿ ಬಿಡಲ್ಲಪ್ಪ, ಗೋಡೆಗೆ ಯಾರಾದ್ರೂ ಸುದ್ದಿ ಹೇಳ್ತಾರಾ ಎಂದಿದ್ದರು ಅಜ್ಜಿ — ಅಯ್ಯೋ, ನಿಯಮ ಎಂದು ಆ ಹುಡುಗಿಯನ್ನು ಇವತ್ತು ಹೊರಗೆ ಕೂರಿಸಿದ್ದು ಸಾಹೇಬರೇ, ಅಜ್ಜಿ ಹೆದರಿಲ್ಲ, ಕಾಯುತ್ತಿದ್ದಾರೆ, ಇಡೀ ದೇಶ ಹೂಂ ಅನ್ನಲಿ ಎಂದು ರಾಣಿಯ ಹಾಗೆ ಕಾಯುತ್ತಿದ್ದಾರೆ. ಹಾಡು ಹಾಕಯ್ಯಾ, ರೇಡಿಯೊ ಕೆಟ್ಟೋಯ್ತು ಅನ್ಕೋತಾರೆ ಜನ, ಹಾಕು ಹಾಕು, ಸಾಹೇಬರು ಅವಸರಿಸಿದರು — ಒಂದು ಬೆರಳಿನಡಿ ಹಾಡಿನ ಗುಂಡಿ, ಇನ್ನೊಂದರಡಿ ಅವನ ಮೇಜಿನ ಮೈಕಿನದು, ಕೆಲಸಕ್ಕೆ ಸೇರಿದಂದಿನಿಂದ ಅವನ ದನಿ ಒಮ್ಮೆಯೂ ಹೊರಗೆ ಹೋಗಿಲ್ಲ, ಹೋಗಕೂಡದು, ಹೋದರೆ ಕೆಲಸವೂ ಹೋಯಿತು, ಅಜ್ಜಿಯ ಕಣ್ಣು ಗಾಜು ದಾಟಿ ಅವನ ಮೇಲೆಯೇ — ಮೈಕು ಒತ್ತಿದ, ಹೂಂ, ಹೇಳಜ್ಜಿ, ಇದೀವಿ — ಸೂಜಿ ಬೆಚ್ಚಿ ಎದ್ದಿತು, ಅಜ್ಜಿಯ ಮುಖ ಅರಳಿತು, ಮಾತು ಹೊರಟಿತು, ಕಲ್ಲಿನ ಮೇಲೆ ಕಲ್ಲಿಟ್ಟ ಹಾಗೆ ಒಂದೊಂದೇ ಪದ, ಸಾಲು ಮುಗಿಯಿತು, ನಿಂತರು, ಸೂಜಿ ಇಳಿಯತೊಡಗಿತು, ಅವನು ಬಾಯಿ ತೆರೆಯುವ ಮೊದಲೇ ಬೆನ್ನ ಹಿಂದಿನಿಂದ ಸಾಹೇಬರ ದಪ್ಪ ದನಿ ಅದೇ ಮೈಕಿಗೆ, ಹೂಂ — ಸೂಜಿ ಮತ್ತೆ ಮೇಲೆದ್ದಿತು —