ಚೀಟಿಯಲ್ಲಿದ್ದ ಅಂಕಿ

"ಏನು ಬಂತು? ಓದು."

"ಇರೋ ಮಾರಾಯ, ಒಂದೊಂದೇ ಅಕ್ಷರ ಕೂಡಿಸ್ಕೋಬೇಡ್ವಾ? ಎನ್, ಓ, ಟಿ. ಆಮೇಲೆ ಸ್ವಲ್ಪ ಜಾಗ. ಆಮೇಲೆ ಡಬ್ಲ್ಯೂ, ಓ, ಆರ್..."

"ಸಾಕು ಬಿಡು," ಎಂದ ಟೈಪಿಸ್ಟ್. ಬೆಳಗಿನಿಂದ ಇದು ಆರನೆಯ ಸಲ. ಆರು ಸಲವೂ ಕಂಪ್ಯೂಟರು ಕೆಲಸ ಮಾಡುತ್ತಿಲ್ಲ ಎಂಬ ಅದೇ ಮಾತು ಹೇಳಿತ್ತು, ಅದೂ ಬಾಯಿಬಿಟ್ಟು ಹೇಳದೆ ಪರದೆಯ ಮೇಲೆ ಬರೆದು ತೋರಿಸಿತ್ತು. ಹುಟ್ಟಿನಿಂದ ಕಣ್ಣಿಲ್ಲದವನಿಗೆ ಬರೆದು ತೋರಿಸುವ ಯಂತ್ರದಿಂದ ಏನು ಉಪಯೋಗ? ಓದುತ್ತಿದ್ದ ಅಕ್ಕ ಸ್ಟೂಲು ಎಳೆದು ಇನ್ನೂ ಹತ್ತಿರ ಕೂತಳು.

ಅವನದು ಆಸ್ಪತ್ರೆಯ ಎಕ್ಸ್‌ರೇ ವರದಿಗಳನ್ನು ಟೈಪ್ ಮಾಡುವ ಕೆಲಸ. ಡಾಕ್ಟರು ಕ್ಯಾಸೆಟ್ಟಿನಲ್ಲಿ ಹೇಳಿದ್ದನ್ನು ಮನೆಯಲ್ಲೇ ಕೂತು ಹೊಡೆಯುತ್ತಿದ್ದ. ಒತ್ತಿದ ಅಕ್ಷರವನ್ನು ಕಂಪ್ಯೂಟರು ಆಗಲೇ ಕಿವಿಗೆ ಹೇಳುತ್ತಿತ್ತು, ತಪ್ಪಿದರೆ ಅಲ್ಲೇ ತಿದ್ದುತ್ತಿದ್ದ. ಹಾಗೆ ಮಾತಾಡಿಸುವ ಪ್ರೋಗ್ರಾಮು ಹಳೆಯದು. ಅದನ್ನು ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿತ್ತು, ಹೊಸ ಯಂತ್ರಗಳಲ್ಲಿ ಅದು ಏಳುತ್ತಲೇ ಇರಲಿಲ್ಲ. ಹಾಗಾಗಿ ಊರೆಲ್ಲ ಮೂರು ಸಲ ಕಂಪ್ಯೂಟರು ಬದಲಾಯಿಸಿದರೂ ಇವನು ಹಳೆಯದಕ್ಕೇ ಅಂಟಿಕೊಂಡು ಕೂತಿದ್ದ.

ಸೋಮವಾರ ಅದರ ದನಿ ಹೊರಡಿಸುವ ಸೌಂಡ್ ಕಾರ್ಡು ಸುಟ್ಟುಹೋಯಿತು. ಮಂಗಳವಾರ ಅವನು ಒಂದು ಹುಂಬತನ ಮಾಡಿದ. ಹನ್ನೊಂದು ವರ್ಷ ಹೊಡೆದ ಕೈ, ಕಿವಿ ಇಲ್ಲದಿದ್ದರೇನು ಅಂದುಕೊಂಡು ಆರು ಪುಟ ಹೊಡೆದು ಕಳಿಸಿಬಿಟ್ಟ. ಬೆರಳಿಗೆ ಜಾಗ ತೋರಿಸಲು ಕೀಲಿಗಳ ಮೇಲಿರುವ ಚಿಕ್ಕ ಉಬ್ಬು ಅವನ ಕೀಬೋರ್ಡಿನಲ್ಲಿ ಸವೆದು ನುಣುಪಾಗಿತ್ತು. ಬಲಗೈ ಒಂದು ಕೀಲಿ ಆಚೆ ಕೂತಿತ್ತು. ಆರು ಪುಟದಲ್ಲಿ ನೆಟ್ಟಗಿನ ಮಾತು ಒಂದೂ ಇರಲಿಲ್ಲ.

"ಇದು ಯಾವ ಭಾಷೆ ಸಾರ್?" ಎಂದು ಆಸ್ಪತ್ರೆಯ ಮ್ಯಾನೇಜರು ಫೋನಿನಲ್ಲಿ ಕೇಳಿದ್ದರು. ಹಿಂದೆ ಯಾರೋ ನಕ್ಕಿದ್ದು ಕೇಳಿಸಿತ್ತು. "ಶುಕ್ರವಾರ ನಾಲ್ಕು ಗಂಟೆಗೆ ಹನ್ನೆರಡು ವರದಿ ಸರಿಯಾಗಿ ಬರ್ಬೇಕು. ಇಲ್ಲ ಅಂದ್ರೆ ಬೇಜಾರ್ ಮಾಡ್ಕೋಬೇಡಿ, ನಾವು ಬೇರೆಯವರನ್ನ ನೋಡ್ಕೋತೀವಿ."

ಇವತ್ತು ಶುಕ್ರವಾರ. ಗಡಿಯಾರ ಒಂದೂವರೆ ಹೊಡೆದಿತ್ತು.

ಹಳೆಯ ಯಂತ್ರಗಳ ರಿಪೇರಿಯವನನ್ನು ಬೀದಿಯವರೆಲ್ಲ ಗುಜರಿ ಡಾಕ್ಟರು ಎಂದೇ ಕರೆಯುತ್ತಿದ್ದರು. ನಿನ್ನೆ ಅವನು ತನ್ನ ರಾಶಿಯಿಂದ ಒಂದು ಕಾರ್ಡು ಹೆಕ್ಕಿ ತಂದು ಕೂರಿಸಿದ್ದ. ಅಷ್ಟರಲ್ಲಿ ಕರೆಂಟು ಹೋಯಿತು. ಅವನಿಗೆ ಪರವೂರಿನ ಮಗಳ ಮನೆಗೆ ಹೋಗುವ ಬಸ್ಸಿನ ಹೊತ್ತಾಗಿತ್ತು. "ಈ ಕಾರ್ಡಿಗೆ ಒಂದು ನಂಬರ್ ಇಟ್ಟಿದೀನಿ. ಕಂಪ್ಯೂಟರಿಗೂ ಅದೇ ನಂಬರ್ ಹೇಳಿ. ತಪ್ಪು ಹೇಳಿದ್ರೆ ಒಂದಕ್ಕೊಂದು ಗುರುತೇ ಹಿಡಿಯಲ್ಲ," ಎಂದು ಚೀಟಿ ಬರೆದುಕೊಟ್ಟು ಹೊರಟುಹೋಗಿದ್ದ. ಅಲ್ಲಿಯ ಫೋನ್ ನಂಬರು ಯಾರಲ್ಲೂ ಇರಲಿಲ್ಲ.

"ಚೀಟೀಲಿ ಏನಿದೆ, ಇನ್ನೊಂದ್ಸಲ ನೋಡಕ್ಕ."

"ಒಂಬತ್ತು ಅಂತ ಹೇಳಿದ್ನಲ್ಲ."

ಅವನು ಮತ್ತೆ ಒಂಬತ್ತು ಒತ್ತಿದ. ಕಂಪ್ಯೂಟರು ಆರಿ ಹತ್ತಿತು, ಒಳಗಿನ ಫ್ಯಾನು ತಿರುಗಿತು. ಅವನು ಸ್ಪೀಕರಿಗೆ ಕಿವಿ ಹಚ್ಚಿ ಉಸಿರು ಬಿಗಿಹಿಡಿದ. ಏನೂ ಇಲ್ಲ. ಈ ಕೆಲಸವೂ ಹೋದರೆ ಬೆಳಗಾದರೆ ಏಳುವುದಾದರೂ ಯಾಕೆ ಎಂಬ ಯೋಚನೆ ಸುಳಿಯಿತು. ಯಂತ್ರ ಬರುವ ಮುಂಚೆ ಅವನಿಗೆ ಎಲ್ಲವನ್ನೂ ಓದಿ ಹೇಳುತ್ತಿದ್ದವಳು ಅಕ್ಕನೇ. ಪಾಠ, ಕಾಗದ, ಕೊನೆಗೆ ಮಾತ್ರೆಯ ಹೆಸರು ಕೂಡ. ಹೊಲಿಗೆ ನಿಲ್ಲಿಸಿ ಬಂದು ಓದಿ ಮತ್ತೆ ಹೊಲಿಗೆಗೆ ಕೂರುತ್ತಿದ್ದಳು. ಅವಳ ತಲೆಯ ಮೇಲಿನ ಆ ಭಾರ ಇಳಿಸಿದ್ದೇ ಅವನ ಪಾಲಿಗೆ ದೊಡ್ಡ ಸಂಪಾದನೆಯಾಗಿತ್ತು.

"ಅದು ಒಂಬತ್ತೇನಾ?"

ಅಕ್ಕ ತಡೆದು ಹೇಳಿದಳು. "ಮೂರೂ ಇರ್ಬೋದು."

"ಒಂಬತ್ತಕ್ಕೂ ಮೂರಕ್ಕೂ ವ್ಯತ್ಯಾಸ ಗೊತ್ತಾಗಲ್ವಾ ನಿಂಗೆ?"

"ಆ ಮನುಷ್ಯನ ಅಕ್ಷರ ಕೋಳಿ ಕೆದರಿದ ಹಾಗಿದೆ. ನನ್ ಮೇಲೆ ಯಾಕೆ ರೇಗ್ತೀಯ?"

ಅವನು ಚೀಟಿಗೆ ಕೈ ಚಾಚಿದ. ಅಕ್ಕ ಕೂಡಲೇ ಕೊಡಲಿಲ್ಲ. "ನಿಂಗ್ಯಾಕೆ ಅದು?" ಎಂದಳು. ಅವನು ಕೈ ಹಿಂದೆ ತೆಗೆಯಲಿಲ್ಲ. ಕೊನೆಗೆ ಕಾಗದ ಅಂಗೈಗೆ ಬಂತು.

ಗುಜರಿ ಡಾಕ್ಟರಿಗೆ ಬಾಲ್ ಪೆನ್ನನ್ನು ಉಳಿಯ ಹಾಗೆ ಒತ್ತಿ ಬರೆದು ಅಭ್ಯಾಸ. ಟೈಪಿಸ್ಟ್ ತೋರುಬೆರಳಿನ ಉಗುರಿನಿಂದ ಗೀರಿನ ಮೇಲೆ ನಿಧಾನವಾಗಿ ನಡೆದ. ಮೇಲೆ ಒಂದು ಅಡ್ಡಗೆರೆ. ಅಲ್ಲಿಂದ ಕೆಳಕ್ಕೆ. ಆಮೇಲೆ ದುಂಡು ಹೊಟ್ಟೆ. ಅಂಕಿಗಳ ಆಕಾರವನ್ನು ಚಿಕ್ಕಂದಿನಲ್ಲಿ ಅವನ ಅಂಗೈ ಮೇಲೆ ಬರೆದು ಕಲಿಸಿದವಳು ಅಕ್ಕನೇ. ಇದು ಐದು. ಎಷ್ಟು ಸ್ಪಷ್ಟವಾಗಿ ಬರೆದಿದ್ದನೆಂದರೆ, ಕಣ್ಣಿದ್ದವರು ತಪ್ಪು ಓದುವ ಹಾಗೆಯೇ ಇರಲಿಲ್ಲ.

ನಾಲ್ಕೈದು ತಿಂಗಳಿಂದ ಅವಳು "ನನ್ ಕೈ ಬಿಡುವಿಲ್ಲ ಕಣೋ" ಎಂದು ಸೂಜಿಗೆ ದಾರ ಅವನ ಕೈಯಲ್ಲೇ ಪೋಣಿಸಿಕೊಳ್ಳುತ್ತಿದ್ದಳು. ಅವನು ನಾಲಿಗೆಯ ತುದಿಯಲ್ಲಿ ಸೂಜಿಯ ಕಣ್ಣು ಹುಡುಕಿ ಪೋಣಿಸಿ ಕೊಡುತ್ತಿದ್ದ, ಅದರಲ್ಲೊಂದು ಹೆಮ್ಮೆಯೂ ಇತ್ತು. ಹೊಲಿಗೆ ಮೆಷಿನ್ನಿನ ಸದ್ದು ದಿನಕ್ಕೆ ಎಷ್ಟು ಹೊತ್ತು ಕೇಳುತ್ತಿತ್ತು, ಈಗ ಎಷ್ಟು ಎಂದು ಲೆಕ್ಕ ಹಾಕಲು ಹೋಗಿ ನಿಲ್ಲಿಸಿದ.

"ಎಷ್ಟು ದಿನದಿಂದ ಅಕ್ಕ?"

"ಯಾವುದು?"

"ಕಣ್ಣು."

ಅಕ್ಕ ಚೀಟಿಯನ್ನು ಅವನ ಕೈಯಿಂದ ವಾಪಸ್ ತೆಗೆದುಕೊಂಡಳು. "ಸುತ್ತ ಎಲ್ಲ ಕಾಣ್ಸುತ್ತೆ. ನಡುವೆ ಮಾತ್ರ ಒಂದು ಕಪ್ಪು ಮಚ್ಚೆ. ನೋಡಬೇಕು ಅಂದದ್ದರ ಮೇಲೇನೇ ಬಂದು ಕೂರುತ್ತೆ, ಹಾಳಾದ್ದು. ಪರದೆ ಮೇಲಿನಂಥ ದೊಡ್ಡ ಅಕ್ಷರ ಆದ್ರೆ ಓರೆ ನೋಡಿ ಹೇಗೋ ಹಿಡೀತೀನಿ."

"ಡಾಕ್ಟರು?"

"ಹೋಗಿದ್ದೆ. ಹೋದದ್ದು ವಾಪಸ್ ಬರಲ್ಲವಂತೆ. ಇನ್ನೂ ಹೋಗ್ಬೋದಂತೆ."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನೇನು ನೋಡಿ ಹೇಳ್ತಿದ್ಯಾ?" ಎಂದು ನಗಲು ಹೋದಳು. ನಗು ಅರ್ಧಕ್ಕೇ ಒಡೆಯಿತು. ಅವನಿಗೆ ಅವಳ ಮೇಲೆ ವಿಪರೀತ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಹೆದರಿಕೆ ಬಂತು. ಕೈ ಚಾಚಿದಾಗ ಅವಳ ಮೊಣಕೈ ಸಿಕ್ಕಿತು, ಅದನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಗಂಟೆ ಎರಡಾಯ್ತು," ಎಂದಳು ಅಕ್ಕ. "ಮೊದಲು ಅದನ್ನ ಒತ್ತು."

ಇನ್ನು ಓದಿ ಹೇಳು ಎಂದು ಕೇಳುವ ಹಾಗಿರಲಿಲ್ಲ. ಬೆಳಗಿನಿಂದ ಏಳು ಸಲ ಹೋದ ದಾರಿ ಬೆರಳಿಗೆ ಬಾಯಿಪಾಠವಾಗಿತ್ತು. ಕೀಲಿಗಳನ್ನು ಎಣಿಸುತ್ತ ನಂಬರು ಬರೆಯುವ ಜಾಗಕ್ಕೆ ಹೋದ, ಇದ್ದದ್ದನ್ನು ಅಳಿಸಿದ, ಐದು ಒತ್ತಿದ. ಎಣಿಕೆ ಒಂದು ತಪ್ಪಿದ್ದರೂ ಎಲ್ಲ ಮುಗಿಯಿತು. ಕಂಪ್ಯೂಟರು ಆರಿತು, ಹತ್ತಿತು. ಫ್ಯಾನು ತಿರುಗಿತು. ಬಹಳ ಹೊತ್ತಾಯಿತು. ಅಕ್ಕ ಏನನ್ನೋ ಗೊಣಗಿಕೊಳ್ಳುತ್ತಿದ್ದಳು.

ಸ್ಪೀಕರು ಒಮ್ಮೆ ಚಟಕ್ಕೆಂದಿತು. ಆಮೇಲೆ ಗಂಟಲು ಕಟ್ಟಿದವನಂಥ ಆ ಹಳೆಯ ದನಿ ಒಂದೊಂದೇ ಮಾತನ್ನು ಬಿಡಿಬಿಡಿಯಾಗಿ ಹೇಳತೊಡಗಿತು. ಟೈಪಿಸ್ಟ್ ಮೇಜಿನ ಮೇಲೆ ಹಣೆಯಿಟ್ಟು ಅತ್ತುಬಿಟ್ಟ.

ಮುಖ ಒರೆಸಿಕೊಂಡು ಮೊದಲ ಕ್ಯಾಸೆಟ್ಟು ಹಾಕಿ ಒಂದು ಸಾಲು ಹೊಡೆದ. ಕಾರ್ಡು ಬದಲಾದದ್ದರಿಂದ ದನಿ ಹೊಸದಾಗಿ ಕಲಿಯುವವರಿಗಿಟ್ಟ ನಿಧಾನಕ್ಕೇ ಇಳಿದಿತ್ತು. ಅವನು ಕೇಳುತ್ತಿದ್ದದ್ದು ಇದರ ನಾಲ್ಕು ಪಟ್ಟು ವೇಗದಲ್ಲಿ, ಬೇರೆಯವರಿಗೆ ಅದು ಬರೀ ಗುರ್ರೆನ್ನುವ ಸದ್ದು. ಈ ನಡಿಗೆಯಲ್ಲಿ ಹೋದರೆ ನಾಲ್ಕು ಗಂಟೆಯೊಳಗೆ ಹನ್ನೆರಡು ವರದಿ ಮುಗಿಯುವುದಿಲ್ಲ. ವೇಗ ಏರಿಸುವ ಕೀಲಿಯತ್ತ ಅವನ ಬೆರಳು ಹೋಯಿತು.

ಪಕ್ಕದಲ್ಲಿ ಸ್ಟೂಲು ಸರಿಯಿತು. ಅಕ್ಕ ಸ್ಪೀಕರಿನ ಬಳಿಗೆ ಬಗ್ಗಿದ್ದಳು. ಅದು ಹೇಳಿದ ಅಕ್ಷರವನ್ನು ತಾನೂ ಮೆಲ್ಲಗೆ ಹೇಳಿಕೊಂಡಳು. ತಪ್ಪಾಯಿತೇನೋ, ತಾನೇ ತಿದ್ದಿಕೊಂಡಳು.

ಅವನು ಬೆರಳು ಹಿಂದಕ್ಕೆ ತೆಗೆದ. ಮೊದಲನೆಯ ವರದಿಯನ್ನು ಅದೇ ನಿಧಾನದಲ್ಲಿ ಮುಂದುವರಿಸಿದ.