ಪುಕ್ಕಟೆ ಎಲೆ

ಅತ್ತೆ ಹನಮಂತವ್ವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಅಂತೂರ ಬೆಂತೂರಿನ ಆ ಮನೆಯಿಂದ ಇಬ್ಬರು ಸೊಸೆಯರೂ ಒಟ್ಟಿಗೆ ಹೊರಬೀಳುವ ಮಾತೇ ಇರಲಿಲ್ಲ. ಭಾನುವಾರ ಒಬ್ಬಳು ಗದಗಿಗೆ ಹೋಗಿ ಬರಬಹುದು, ಇನ್ನೊಬ್ಬಳು ಉಳಿಯಬೇಕು. ಜಗಳ ಬೇಡವೆಂದು ಶೃತಿಯೂ ನೆಗೆಣ್ಣಿ ಸೌಂದರ್ಯಾಳೂ ಶನಿವಾರ ಮಧ್ಯಾಹ್ನ ಇಸ್ಪೀಟು ಆಡಿ ತೀರ್ಮಾನಿಸುತ್ತಿದ್ದರು. ಆಟ ಪೋಕರ್: ಕೈಯಲ್ಲಿ ಎರಡೆರಡು ಎಲೆ, ನಡುವೆ ಇಬ್ಬರಿಗೂ ಸೇರಿದ ಐದು. ಗೋವಾದ ಕ್ಯಾಸಿನೊದಲ್ಲಿ ಎಲೆ ಹಂಚುವ ಕೆಲಸ ಮಾಡಿ ಬಂದಿದ್ದ ಶೃತಿಯ ಗಂಡ ಅಂಬರೀಶ ಕಲಿಸಿದ್ದು. ಪಣಕ್ಕೆ ಹುಣಸೆ ಬೀಜ; ಕಡೆಗೆ ಯಾರ ಬಳಿ ಹೆಚ್ಚು ಉಳಿಯುತ್ತದೋ ಅವಳು ಹೋಗುವುದು. ಕಟ್ಟುವುದಕ್ಕೂ ಮಿತಿಯಿತ್ತು: ಮೊದಲು ಎರಡೆರಡು, ನಾಲ್ಕನೆಯ ಎಲೆ ಬಿದ್ದ ಮೇಲೆ ನಾಲ್ಕುನಾಲ್ಕು.

ಶೃತಿ ವಾರ ವಾರವೂ ಸೋಲುತ್ತಿದ್ದಳು. ಬೆಟಗೇರಿಯಲ್ಲಿ ಬಳೆ ಅಂಗಡಿ ಇಟ್ಟಿರುವ ಗೆಳತಿ ತಬಸ್ಸುಮಳಿಗೆ 'ಈ ವಾರ ಬರ್ತೀನಿ' ಎಂದು ಹೇಳಿ ಹೇಳಿ ಅವಳಿಗೇ ನಾಚಿಕೆಯಾಗಿತ್ತು.

ಆ ದಿನದ ಕಡೆಯ ಆಟ. ಶೃತಿಯ ಕೈಯಲ್ಲಿ ಎರಡು ಆಟೀನು, ನಡುವೆ ಬಿದ್ದ ಮೂರು ಎಲೆಗಳಲ್ಲಿ ಇನ್ನೆರಡು. ಮತ್ತೊಂದು ಆಟೀನು ಬಿದ್ದರೆ ಐದೂ ಒಂದೇ ಜಾತಿ, ಗೆದ್ದಂತೆಯೇ. ಸೌಂದರ್ಯಾ ಎರಡು ಬೀಜ ಇಟ್ಟಾಗ ಶೃತಿ ಧೈರ್ಯ ಮಾಡಿ ನಾಲ್ಕು ಇಟ್ಟಳು. ಸೌಂದರ್ಯಾ ಮುಖ ಸಣ್ಣದು ಮಾಡಿಕೊಂಡು ಇನ್ನೆರಡು ಸೇರಿಸಿದಳು. ನಾಲ್ಕನೆಯ ಎಲೆ ಕರಿ ಐದು. ಅದರಿಂದ ಶೃತಿಗೆ ಏನೂ ಆಗಲಿಲ್ಲ.

"ನಾ ಏನೂ ಕಟ್ಟಂಗಿಲ್ಲ," ಎಂದಳು ಸೌಂದರ್ಯಾ. "ನೀ ನೋಡಕ್ಕಾ."

ಶೃತಿಯೂ ಕಟ್ಟದಿದ್ದರೆ ಐದನೆಯ ಎಲೆ ಪುಕ್ಕಟೆ. ಕಟ್ಟಿದರೆ? ಹೆದರಿದ್ದರೆ ಇವಳು ಎಲೆ ಒಗೆದು ಆಟ ಬಿಟ್ಟಾಳು. ಸೋಗು ಹಾಕಿ ಕಾಯುತ್ತಿದ್ದರೆ ಎಂಟಕ್ಕೆ ಏರಿಸಿಯಾಳು. ಶೃತಿಯ ಬಳಿ ಉಳಿದದ್ದು ಐದೇ ಬೀಜ. ಸೌಂದರ್ಯಾ ಸೆರಗಿನಿಂದ ಕತ್ತು ಒರೆಸಿಕೊಂಡಳು. ಅದು ಹೆದರಿಕೆಯೋ ಸೆಕೆಯೋ ತಿಳಿಯಲಿಲ್ಲ. ಶೃತಿಯ ಬೆರಳು ಬೀಜಗಳವರೆಗೆ ಹೋಗಿ ಹಿಂದೆ ಬಂತು.

"ನಾನೂ ಕಟ್ಟಂಗಿಲ್ಲ. ಎಲಿ ಹಾಕು."

ಕರಿ ಒಂಬತ್ತು ಬಿತ್ತು. ಸೌಂದರ್ಯಾ ತಡಮಾಡದೆ ನಾಲ್ಕು ಬೀಜ ಮುಂದೆ ತಳ್ಳಿದಳು. ಶೃತಿ ಸೋಲೊಪ್ಪಿ ತನ್ನ ಎಲೆಗಳನ್ನು ಮಗುಚಿ ಹಾಕಿದಳು.

"ಏನಿತ್ತ ನಿನ್ನ ಕಡೆ?"

ಸೌಂದರ್ಯಾ ತೋರಿಸಿದಳು. ಒಂದು ರಾಜ, ಒಂದು ಒಂಬತ್ತು. "ಈಗ ಜೋಡಿ ಆತು. ಮೊದಲ ಏನೂ ಇದ್ದಿಲ್ಲ. ನೀ ಕಟ್ಟಿದ್ರ ನಾ ಒಗದ ಬಿಡ್ತಿದ್ದೆ, ಖರೇನ." ಎಲೆಗಳನ್ನು ಒಟ್ಟುಗೂಡಿಸುತ್ತ ಅಂದಳು, "ಬೇಕಂದ್ರ ನಾಳೆ ನೀನ ಹೋಗಕ್ಕಾ."

ಹೂಂ ಎನ್ನುವುದು ಶೃತಿಯ ನಾಲಿಗೆಯ ತುದಿಗೆ ಬಂದಿತ್ತು.

"ಬ್ಯಾಡ. ಆಟ ಅಂದ್ರ ಆಟ."

ಭಾನುವಾರ ಸೌಂದರ್ಯಾ ಹತ್ತಿದ ಬಸ್ಸು ಊರು ದಾಟಿದ ಮೇಲೆ ಒಳಗಿನಿಂದ ಅತ್ತೆ ಕೇಳಿದಳು, "ಉಳದಾಕಿ ಯಾರವ್ವಾ?"

"ನಾನರೀ ಅತ್ತಿ, ಶೃತಿ."

"ಚಲೋ ಆತ ಬಿಡು. ನೀ ಮಗ್ಗಲ ಹೊಳ್ಳಿಸಿದ್ರ ನನಗ ನೋವಾಗಂಗಿಲ್ಲ. ಆಕಿ ಕೈ ಬಿರುಸು. ಇನ್ನ ಮ್ಯಾಲೆ ಐತವಾರ ನೀನ ಇದ್ದ ಬಿಡವ್ವಾ. ನಾ ಹೇಳ್ತೀನಿ ಆಕಿಗೆ."

ಶೃತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುದುಕಿಯ ಬೆನ್ನ ಕೆಳಗೆ ಎರಡೂ ಕೈ ತೂರಿಸಿ, ನೋವಾಗದಂತೆ ಮೆಲ್ಲಗೆ ಗೋಡೆಯ ಕಡೆಗೆ ಹೊರಳಿಸಿದಳು.